ಕೆಳಗಿನ ಮನೆಯಲ್ಲಿ ಕೇಳಿಸಿದ ರೊಟ್ಟಿ

ಖಾಲಿ ಅಡುಗೆಮನೆ. ಕಪ್ಪು ಗ್ರಾನೈಟಿನ ಕಟ್ಟೆಯ ಮೇಲೆ ಮರೆತುಹೋದ ಒಂದು ಬಣ್ಣದ ಬ್ರಶ್ಶು. ಕೂದಲು ಗಟ್ಟಿಯಾಗಿ, ತುದಿಯಲ್ಲಿ ತಿಳಿಹಳದಿ ಉಳಿದುಕೊಂಡಿದೆ. ಸಿಂಕಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಕಿಟಕಿಯಾಚೆ ಪರ್ವತಿ ಗುಡ್ಡದ ಒಂದು ಹೆಗಲು. ಕಿಟಕಿಯಷ್ಟೇ ಅಗಲದ ಬಿಸಿಲು ಹೊಸ ನೆಲದ ಬಿಳಿ ಟೈಲುಗಳ ಮೇಲೆ ಮಲಗಿದೆ. ಅದರ ಅಂಚಿನಲ್ಲಿ ಒಂದು ಇರುವೆ, ದಾಟಲೋ ಬೇಡವೋ ಎಂಬಂತೆ ನಿಂತಿದೆ. ನಲ್ಲಿಯ ಬಾಯಲ್ಲಿ ಒಂದು ಹನಿ ತುಂಬಿಕೊಂಡು ತೂಗುತ್ತಿದೆ, ಬೀಳುತ್ತಿಲ್ಲ.

೧೯೯೮ರ ಫೆಬ್ರವರಿಯ ಆ ಮಧ್ಯಾಹ್ನ ನಾವು ಮೂವರು ಈ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆವು: ನಾನು, ನನ್ನ ಹೆಂಡತಿ ಕಾಶವ್ವ, ಮತ್ತು ಮನೆ ತೋರಿಸುವ ದಲ್ಲಾಳಿ ಕಿಶೋರ. ಕಿಶೋರ ವಿಜಾಪುರದ ಕಡೆಯವನು. ಪುಣೆಗೆ ಬಂದು ಹತ್ತು ವರ್ಷವಾದರೂ ಮಾತಿನ ಧಾಟಿ ಬಿಟ್ಟಿರಲಿಲ್ಲ. ಸಹಕಾರನಗರದ ಹಳೆಯ ಕಟ್ಟಡದ ಎರಡನೆಯ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ, ಇಬ್ಬರು ನಿಲ್ಲುವಷ್ಟು ಗ್ಯಾಲರಿ.

"ಅಕ್ಕಾರ, ಒಳಗ ಬರ್ರಿ. ಎಲ್ಲಾ ಹೊಸಾದು ಅದ. ನಳ ಹೊಸಾದು, ವೈರಿಂಗ್ ಹೊಸಾದು, ಬಾಗಲಾ ಹೊಸಾದು."

"ಗ್ವಾಡಿ?" ಗೋಡೆಯನ್ನು ತಟ್ಟುತ್ತ ಕೇಳಿದಳು ಕಾಶವ್ವ.

"ಗ್ವಾಡಿ ಹಳೇವು. ಅದಕ್ಕ ಗಟ್ಟಿ ಅದಾವ್ರಿ."

ಕಾಶವ್ವ ನಕ್ಕಳು. ಅವಳು ನಕ್ಕಿದ್ದರಿಂದ ನನಗೆ ಧೈರ್ಯ ಬಂತು. ನಾನಾಗಲೇ ಮೂರು ಸಲ ಬಂದು ನೋಡಿ, ಆ ಗುಡ್ಡದ ಹೆಗಲಿಗೆ ಸೋತುಹೋಗಿದ್ದೆ. ಅಂದು ಸಂಜೆ ಐದರೊಳಗೆ ಹೌದು ಎನ್ನದಿದ್ದರೆ ಮನೆ ಇನ್ನೊಬ್ಬರ ಪಾಲಾಗುತ್ತಿತ್ತು. ಹೌದು ಎನ್ನಬೇಕಾದವಳು ಕಾಶವ್ವ.

ಅವಳು ಚೀಲದಿಂದ ರೊಟ್ಟಿ ಬಡಿಯುವ ಕಲ್ಲನ್ನು ತೆಗೆದು ಬಿಸಿಲಿನ ನಡುವೆ ಇಟ್ಟಳು. ಬಸ್ಸಿನಲ್ಲಿ ನಾನು ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಭಾರ. ಹಿಂದೆಯೇ ಸ್ಟೀಲಿನ ಡಬ್ಬಿ. ಅದರಲ್ಲಿ ಮನೆಯಲ್ಲೇ ನಾದಿ ತಂದ ಜೋಳದ ಹಿಟ್ಟು.

"ಅಕ್ಕಾರ, ಫ್ಲ್ಯಾಟ್ ನೋಡಾಕ ಬಂದೀರೋ, ಬುತ್ತಿ ಕಟ್ಟಾಕ ಬಂದೀರೋ?" ಕಿಶೋರನಿಗೆ ಬೆರಗು.

"ನೀ ಹೊರಗ ಕುಂಡ್ರಪಾ." ನಂತರ ನನ್ನತ್ತ ತಿರುಗಿ, "ನೀವು ಕೆಳಗಿನ ಮನಿಗಿ ಹೋಗಿ ನಿಂದರ್ರಿ. ನಾ ಬಡೀತೀನಿ. ಕೇಳಿಸಿದ್ರ ಈ ಮನಿ ಬ್ಯಾಡ. ಮತ್ತ ಕಂಬಳಿ ಹಾಸಾಂಗಿಲ್ಲ ನಾ."

ಕಂಬಳಿಯ ಕತೆ ನನ್ನದೇ. ಇಪ್ಪತ್ತೆರಡು ವರ್ಷಗಳ ಹಿಂದೆ, ಮದುವೆಯಾದ ಹೊಸದರಲ್ಲಿ, ಕಸಬಾ ಪೇಟೆಯ ವಾಡೆಯೊಂದರ ಮಾಳಿಗೆಯಲ್ಲಿ ಬಾಡಿಗೆಗೆ ಇಳಿದೆವು. ಹಲಗೆಯ ನೆಲ, ಕೆಳಗೆ ಮಾಲೀಕರಾದ ಶ್ಯಾಮರಾಯರು. ಮೊದಲ ವಾರವೇ ಅವರು ಮೆಟ್ಟಿಲಲ್ಲಿ ಎದುರಾಗಿ, "ಮೇಲೇನು ಮೆರವಣಿಗೆ?" ಎಂದು ಕೇಳಿದರು. ಪರವೂರಿನ ಹೊಸ ಗುಮಾಸ್ತನಾಗಿದ್ದ ನನಗೆ ಅದು ಗದರಿಕೆಯಾಗಿಯೇ ಕೇಳಿಸಿತು. ಆ ಸಂಜೆಯೇ "ಮೆಲ್ಲಕ ಬಡಿ" ಎಂದು ಕಾಶವ್ವನಿಗೆ ಹೇಳಿದೆ. ಅವಳು ಕಲ್ಲಿನ ಕೆಳಗೆ ಕಂಬಳಿ ಮಡಿಚಿ ಹಾಸಿದಳು, ಅಂಗೈ ಬಿಟ್ಟು ಬೆರಳುಗಳಲ್ಲಿ ಒತ್ತಿದಳು. ರೊಟ್ಟಿ ದಪ್ಪವಾಯಿತು, ಮನೆ ಮೌನವಾಯಿತು.

ಈಗ ಆ ವಾಡೆಯನ್ನು ಕೆಡವುತ್ತಾರೆ. ಹೋದ ತಿಂಗಳು ತಾವು ವಾಡೆ ಬಿಟ್ಟು ಹೊರಡುವಾಗ ಶ್ಯಾಮರಾಯರು ನನ್ನ ಕೈ ಹಿಡಿದು, "ಆ ಸದ್ದು ಯಾಕೆ ನಿಂತುಹೋಯಿತು? ನಮ್ಮ ತಾಯಿ ಅದನ್ನು ಕೇಳಿಯೇ ಊಟಕ್ಕೆ ಏಳುತ್ತಿದ್ದರು," ಎಂದರು. ಆ ಮಾತನ್ನು ನಾನು ಕಾಶವ್ವನಿಗೆ ಮುಟ್ಟಿಸಿರಲಿಲ್ಲ.

ಕೆಳಗಿನ ಬಾಗಿಲು ತಟ್ಟಿದೆ. ತೆರೆದವರು ಭಾಮಾಬಾಯಿ, ನನ್ನಷ್ಟೇ ವಯಸ್ಸಿನ, ಕನ್ನಡಕ ಹಣೆಗೇರಿಸಿದ ಒಂಟಿ ಹೆಂಗಸು. ಅಪರಿಚಿತನೊಬ್ಬ ಬಂದು, "ನಿಮ್ಮ ಅಡುಗೆಮನೆಯಲ್ಲಿ ಐದು ನಿಮಿಷ ನಿಂತು ಸೂರನ್ನು ನೋಡಲೇ?" ಎಂದು ಕೇಳಿದರೆ ಯಾರಾದರೂ ಬಾಗಿಲು ಹಾಕಿಕೊಳ್ಳಬೇಕು. ನಾನು ಮರಾಠಿಯಲ್ಲಿ ತೊದಲುತ್ತ ಎಲ್ಲವನ್ನೂ ಹೇಳಿದೆ, ಕಂಬಳಿಯನ್ನೂ ಸೇರಿಸಿ. ಆಕೆ ಒಂದು ಕ್ಷಣ ನನ್ನನ್ನು ದಿಟ್ಟಿಸಿ, ಮರಾಠಿಯಲ್ಲೇ, "ಬನ್ನಿ. ನಾನೂ ಕೇಳುತ್ತೇನೆ," ಎಂದರು.

ಇಬ್ಬರೂ ತಲೆಯೆತ್ತಿ ನಿಂತೆವು. ಮೊದಲು ಏನೂ ಇಲ್ಲ. ಆಮೇಲೆ ಬಂತು: ಧಪ್, ಧಪ್, ಧಪಧಪ. ಮಳೆಗೆ ಮುಂಚಿನ ದೊಡ್ಡ ಹನಿಗಳಂತೆ ಬಿಡಿಬಿಡಿಯಾಗಿ ಶುರುವಾಗಿ, ನಂತರ ಒಂದೇ ಸಮನೆ. ಕಪಾಟಿನಲ್ಲಿದ್ದ ಲೋಟವೊಂದು ಸಣ್ಣಗೆ ನಡುಗಿತು. ಮನೆ ಕೈತಪ್ಪಿತು ಎಂದುಕೊಂಡೆ, ಆದರೂ ಮುಂದಿನ ಏಟಿಗಾಗಿ ಕಿವಿಗೊಟ್ಟೆ. ಇಪ್ಪತ್ತೆರಡು ವರ್ಷ ನಾನು ಮುಚ್ಚಿಟ್ಟಿದ್ದ ಕೈ ಅದು.

ಭಾಮಾಬಾಯಿ ಬೆರಳೆತ್ತಿದರು. "ತಿರುಗಿಸುತ್ತಿದ್ದಾಳೆ... ಈಗ ಅಂಚು... ತೆಳುವಾಯಿತು, ಇನ್ನು ಎತ್ತಬೇಕು." ಸದ್ದು ನಿಂತಿತು. "ಎತ್ತಿದಳು!" ಎರಡನೆಯದೂ ಹಾಗೆಯೇ. ಮೂರನೆಯದು ನಡುವೆಯೇ ತಡವರಿಸಿ ನಿಂತಿತು. "ಹರಿಯಿತು. ಹಿಟ್ಟು ಒಣಗಿದೆ."

"ನಿಮಗೆ ಹೇಗೆ ಗೊತ್ತು?"

"ಅಹೋ, ನಾನು ಇಂದಾಪುರದವಳು. ಭಾಕರಿ ಬಡಿದೇ ದೊಡ್ಡವಳಾದವಳು. ಈಗ ಒಬ್ಬಳಿಗಾಗಿ ಯಾರು ಬಡಿಯುತ್ತಾರೆ? ಬ್ರೆಡ್ಡು ತಿನ್ನುತ್ತೇನೆ."

ಮೆಟ್ಟಿಲು ಹತ್ತುವಾಗ ಸುಳ್ಳೊಂದು ನಾಲಗೆಯ ತುದಿಯಲ್ಲಿತ್ತು. ಕೇಳಿಸಲಿಲ್ಲ ಎಂದರೆ ಮನೆ ನಮ್ಮದು. ಕಾಶವ್ವ ನೆಲದ ಮೇಲೆ ಕೂತು, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು. ಅವಳ ಮುಖ ಅಷ್ಟು ಕೆಂಪಾಗಿದ್ದುದನ್ನು ನಾನು ಮದುವೆಯ ವರ್ಷದ ನಂತರ ನೋಡಿರಲಿಲ್ಲ.

"ಕೇಳಿಸ್ತೇನ್ರಿ?"

"ಕೇಳಿಸ್ತು. ಚಲೋತ್ನಾಗ ಕೇಳಿಸ್ತು."

ಅವಳ ಕೈ ಡಬ್ಬಿಯ ಮುಚ್ಚಳದತ್ತ ಹೋಯಿತು. ನಾನು ಅವಳೆದುರು ಕುಕ್ಕರಗಾಲಲ್ಲಿ ಕೂತೆ. "ಕಾಶವ್ವ, ಶ್ಯಾಮರಾಯರು ಬ್ಯಾಡ ಅಂದಿರಲಿಲ್ಲ. ನಾನ ಅಂಜಿದ್ದೆ. ಆ ಸದ್ದು ಅವರಿಗಿ ಬೇಕಾಗಿತ್ತಂತ."

ಅವಳು ಮುಚ್ಚಳವನ್ನು ಹಾಕದೆ ಪಕ್ಕಕ್ಕಿಟ್ಟಳು. ನಲ್ಲಿಯ ಹನಿ ಬಿತ್ತು.

"ಇಪ್ಪತ್ತೆರಡು ವರ್ಷ ದಪ್ಪ ರೊಟ್ಟಿ ತಿಂದೀರಲ್ಲ," ಎಂದಳು, "ಅದ ಶಿಕ್ಷಾ ಸಾಕು ನಿಮಗ."

"ಮೂರನೆಯದು ಹರಿಯಿತಲ್ಲ?" ಎಂದು ಬಾಗಿಲಿನಿಂದ ದನಿ ಬಂತು. ಭಾಮಾಬಾಯಿ ಒಂದು ಕೈಯಲ್ಲಿ ಹಂಚು, ಇನ್ನೊಂದರಲ್ಲಿ ಸೀಮೆಎಣ್ಣೆಯ ಸ್ಟೋವು ಹಿಡಿದು ನಿಂತಿದ್ದರು. ಕಂಕುಳಲ್ಲಿ ಶೇಂಗಾ ಚಟ್ನಿಯ ಬಾಟಲಿ.

"ಯಾರ್ರಿ ಇವರು? ಹರಿದದ್ದು ಇವರಿಗ್ಹ್ಯಾಂಗ ಗೊತ್ತು?"

"ಕೆಳಗಿನ ಮನಿಯವರು. ಕೇಳಿಸ್ತು ಅಂದ್ನಲ್ಲ."

ಕಾಶವ್ವ ಮರಾಠಿಗೆ ತಿರುಗಿದಳು. "ನಿಮಗೆ ತ್ರಾಸಾಗುವುದಿಲ್ಲವೇ?"

"ಆಗುತ್ತದೆ. ಹಸಿವಾಗುತ್ತದೆ. ಬಡಿದ ದಿನ ಒಂದು ಕೆಳಗೆ ಕಳಿಸಬೇಕು, ಇಲ್ಲದಿದ್ದರೆ ಕೋಲಿನಿಂದ ಸೂರು ಕುಟ್ಟುತ್ತೇನೆ," ಎನ್ನುತ್ತ ಆಕೆ ಕಾಶವ್ವನ ಪಕ್ಕದಲ್ಲೇ ಕೂತು, ಹಿಟ್ಟನ್ನು ಮುಟ್ಟಿ ನೋಡಿ, ನೀರು ಚಿಮುಕಿಸಿದರು.

"ನಾದಾಕ ನಂಗ ಬರ್ತದ್ರಿ ಬಾಯಿ!" ಸಿಟ್ಟಿನಲ್ಲಿ ಕಾಶವ್ವನಿಗೆ ಮರಾಠಿ ಮರೆತಿತ್ತು. ಭಾಮಾಬಾಯಿಗೆ ಅರ್ಥವಾಗಲು ಭಾಷೆ ಬೇಕಿರಲಿಲ್ಲ. ನಗುತ್ತ ಕೈ ಹಿಂತೆಗೆದುಕೊಂಡರು. ಇಬ್ಬರೂ ನಕ್ಕರು.

ಗ್ಯಾಲರಿಯಿಂದ ಕಿಶೋರ ಇಣುಕಿದ. "ಅಕ್ಕಾರ, ನಾಲ್ಕೂವರಿ ಆತು. ಹೌದೋ, ಅಲ್ಲೋ?"

"ಕಣ್ಣಿಲ್ಲೇನು ನಿನಗ? ಒಲಿ ಹಚ್ಚಾಕ್ಹತ್ತೀನಿ." ನಂತರ ನನಗೆ, "ಹೋಗ್ರಿ, ಮಾಲೀಕರಿಗಿ ಹೇಳಿ ಲಗೂನ ಬರ್ರಿ. ತೆಳ್ಳಗಿನ ರೊಟ್ಟಿ ತಣ್ಣಗ ಮಾಡಿ ತಿಂದ್ರ ನಾ ಸುಮ್ಮನಿರಾಂಗಿಲ್ಲ."

ಕಿಶೋರ ಸ್ಕೂಟರು ತೆಗೆಯಲು ಓಡಿದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಕಾಲಿಟ್ಟೆ. ಒಳಗೆ ಕಲ್ಲಿನ ಮೇಲೆ ಮೊದಲ ಧಪ್ ಬಿದ್ದಿತು, ಕಂಬಳಿಯಿಲ್ಲದ, ಪೂರ್ತಿ ಅಂಗೈಯ ಸದ್ದು. ಸ್ಟೋವಿಗೆ ಗಾಳಿ ಬಡಿಯುತ್ತದೆಂದು ಭಾಮಾಬಾಯಿ ಎದ್ದು ಬಂದು, ಹಿಟ್ಟಿನ ಕೈ ತಾಗದಂತೆ ಮೊಣಕೈಯಿಂದ ಕದ ತಳ್ಳಿದರು. ಹೊಸ ಬಾಗಿಲು ನನ್ನ ಬೆನ್ನ ಹಿಂದೆ ಮುಚ್ಚಿಕೊಂಡಿತು.