ನಿಂಗವ್ವನ ಡಬ್ಬಿ ಕಡಲು ದಾಟಿದ್ದು

ಇದು ನಡೆದದ್ದೇ. ನಂಬದಿದ್ದರೆ ಡಲ್ಲಾಸ್ ಪಕ್ಕದ ಮೆಕಿನ್ನಿಗೆ ಹೋಗಿ ರೊಟ್ಟಿ ಬಡಿಯುವ ಕಾಶವ್ವನ ಅಡುಗೆಮನೆಯ ಮೇಲಿನ ಹಲಗೆ ನೋಡಿ. ಅಲ್ಲಿರುವ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ತೆಂಗಿನಕಾಯಿ ಬಿದ್ದು ಆದ ತಗ್ಗು ಇನ್ನೂ ಇದೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ತಟ್ಟೆಗೆ ಬರೀ ಓಟ್ಸ್ ಗಂಜಿ ಬೀಳಲಿ.

ಕಡಲ ನಡುವೆ ಲೊಮಾರು ಅಂತ ಒಂದು ದೇಶ. ದೇಶ ಅಂದರೆ ದೊಡ್ಡ ಮಾತಾಯಿತು. ಈ ತುದಿಯಲ್ಲಿ ಒಬ್ಬ ಸೀನಿದರೆ ಆ ತುದಿಯ ಅಜ್ಜಿ ‘ನೂರು ವರ್ಷ ಬಾಳಪ್ಪ’ ಅನ್ನುತ್ತಾಳೆ, ಅಷ್ಟು ಪುಟ್ಟ ದ್ವೀಪ. ಹೋದ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಚಂಡಮಾರುತ ನುಗ್ಗಿತು. ಮನೆಗಳ ಮಾಡು ಹಾರಿದವು, ಒಲೆಗಳು ಹಾರಿದವು. ಒಂದು ಹುಂಜದ ಕೂಗು ಕೂಡ ಹಾರಿಹೋಗಿ, ಮೂರು ದಿನದ ಮೇಲೆ ಪಕ್ಕದ ದ್ವೀಪದಲ್ಲಿ ಕೇಳಿಸಿತು. ಜನ ಉಳಿದರು. ಅವರ ಜೊತೆ ಹಸಿವೂ ಉಳಿಯಿತು.

ದೇಶದೇಶಗಳಿಂದ ಆಹಾರ ಹೊತ್ತ ಹಡಗುಗಳು ಹೊರಟವು. ಹ್ಯೂಸ್ಟನ್ನಿನಿಂದ ಹೊರಡುವ ಹಡಗಿಗೆ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಊರಿನ ಕನ್ನಡದವರು ಸೇರಿ ತಮ್ಮ ಪಾಲು ಕಳಿಸುವುದೆಂದು ನಿಶ್ಚಯವಾಯಿತು. ಆಸ್ಟಿನ್ನಿನ ಪಕ್ಕದ ಜಾರ್ಜ್‌ಟೌನಿನ ಸರೋಜಾ ವಾಟ್ಸಾಪ್ ಗುಂಪು ಕಟ್ಟಿದಳು. ಮೈಸೂರಿನ ಹೆಣ್ಣುಮಗಳು, ಕೆಲಸ ಅಂದರೆ ಅಚ್ಚುಕಟ್ಟು. ಅಕ್ಕಿ, ಬೇಳೆ, ಹಾಲಿನ ಪುಡಿ ಎಂದು ಪಟ್ಟಿ ಹಾಕಿ, ಕೆಳಗೆ ‘ಮನೆಯಲ್ಲಿ ಮಾಡಿದ್ದು ಬೇಡ’ ಎಂದೂ ಬರೆದಳು.

ಅದನ್ನು ಓದಿದ ಕಾಶವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೈಲಹೊಂಗಲದ ಕೈ ಅವಳದು. ಡಲ್ಲಾಸಿನ ಸುತ್ತಮುತ್ತ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಜೋಳದ ರೊಟ್ಟಿ ಅವಳ ಗ್ಯಾರೇಜಿನಿಂದಲೇ ಹೋಗಬೇಕು. ತಕ್ಷಣ ಫೋನ್ ಹಚ್ಚಿದಳು.

“ಅಲ್ಲವ್ವಾ ಸರೋಜಾ, ಅಲ್ಲಿ ಒಲೀನ ಹಾರಿ ಹೋಗ್ಯಾವಂತ. ಹಸಿ ಅಕ್ಕಿ ಮುಕ್ಕಬೇಕೇನು ಅವ್ರು?”

“ಆಂಟಿ, ರೂಲ್ಸ್ ಇದೆ ಆಂಟಿ. ಮನೇಲಿ ಮಾಡಿದ್ದು ಕೆಟ್ಟೋಗತ್ತೆ ಅಂತಾರೆ.”

“ಖಡಕ್ ರೊಟ್ಟಿ ಕೆಡತೈತಿ? ನನ್ನ ಮದವಿಗೆ ಬಡಿದ ರೊಟ್ಟಿ ನನ್ನ ಮಗನ ಮದವ್ಯಾಗ ತಿಂದೀವಿ!”

ಸರೋಜಾ ‘ಸರಿ ಆಂಟಿ’ ಅಂದುಬಿಟ್ಟಳು.

ಮೊದಲ ದಿನವೇ ಪಕ್ಕದೂರು ಪ್ಲೇನೋದ ಅಂಗಡಿಗಳಲ್ಲಿ ಜೋಳದ ಹಿಟ್ಟು ಖಾಲಿ. ಎರಡನೆಯ ದಿನ ಕಾಶವ್ವ ರೊಟ್ಟಿ ಬಡಿಯುವ ಸದ್ದು ಅದರಾಚೆಯ ಊರು ಮರ್ಫಿಯವರೆಗೂ ಕೇಳಿಸಿತು. ಅದನ್ನು ಕೇಳಿ ಮಾಡು ರಿಪೇರಿಯವರು ಮೂವರು ಏಣಿ ಹೊತ್ತು ಬಾಗಿಲಿಗೆ ಬಂದರು. ‘ನಿಮ್ಮ ಮನೆ ಮೇಲೆ ಭಾರಿ ಆಲಿಕಲ್ಲು ಬಿತ್ತಂತಲ್ಲ, ಎಷ್ಟು ಹೆಂಚು ಹೋಗಿವೆ ನೋಡೋಣ’ ಅಂದರು. ಕಾಶವ್ವ ಅವರನ್ನು ಒಳಗೆ ಕರೆದು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಸಂಜೆ ಹೊತ್ತಿಗೆ ಮೂವರೂ ಟೊಪ್ಪಿಗೆ ತೆಗೆದಿಟ್ಟು ಹಂಚಿನ ಮುಂದೆ ನಿಂತು ರೊಟ್ಟಿ ತಿರುವುತ್ತಿದ್ದರು. ಮೂರನೆಯ ದಿನಕ್ಕೆ ಏಳು ಸಾವಿರ ರೊಟ್ಟಿ ಒಣಗಿ, ಪೆಟ್ಟಿಗೆ ಸೇರಿ, ವ್ಯಾನ್ ಹತ್ತಿದವು.

ಈಗ ಡಬ್ಬಿಯ ಮಾತು. ಅದು ಕಾಶವ್ವನ ಅವ್ವ ನಿಂಗವ್ವನದು. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ‘ನಿಂಗವ್ವ, ಬೈಲಹೊಂಗಲ’ ಎಂದು ಹೆಸರು ಹಾಕಿಸಿದ್ದು. ನಿಂಗವ್ವ ಬದುಕಿರುವ ತನಕ ಓಣಿಯ ಯಾರ ಡಬ್ಬಿಯನ್ನೂ ಬರಿದಾಗಿ ಹಿಂತಿರುಗಿಸಿದವಳಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಉಪ್ಪಾದರೂ ಹಾಕಿ ಕಳಿಸುತ್ತಿದ್ದಳು. ಅವ್ವ ಹೋದ ಮೇಲೆ ಕಾಶವ್ವನಿಗೆ ಉಳಿದದ್ದು ಅದೊಂದೇ. ಮನಸ್ಸು ಭಾರವಾದಾಗ ಆ ಚುಕ್ಕಿಗಳ ಮೇಲೆ ಬೆರಳಾಡಿಸಿದರೆ ಸಾಕು, ಅವ್ವ ತಲೆ ಸವರಿದ ಹಾಗಾಗುತ್ತಿತ್ತು.

ಅಂಥ ಡಬ್ಬಿಯಲ್ಲಿ ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ ತುಂಬಿ ಗಂಡ ದಾನಪ್ಪನ ಕೈಗೆ ಕೊಟ್ಟಳು. “ಏನ್ರಿ, ಇದು ಹಡಗಿಗಲ್ಲ. ಹ್ಯೂಸ್ಟನ್‌ನ್ಯಾಗ ಪೆಟ್ಟಗಿ ಏರಸೋ ಮಂದಿಗೆ. ಅವ್ರು ಉಂಡ ಮ್ಯಾಲ ಡಬ್ಬಿ ತಿರುಗಿ ತರ್ರಿ.”

“ತರ್ತೀನಿ ತಗೋ,” ಅಂದ ದಾನಪ್ಪ. ಅವನ ಕಿವಿಯಲ್ಲಿ ಕ್ರಿಕೆಟ್ ಕಾಮೆಂಟರಿ ಓಡುತ್ತಿತ್ತು.

ಹ್ಯೂಸ್ಟನ್ನಿನ ಗೋದಾಮಿನಲ್ಲಿ ಗುಮಾಸ್ತನೊಬ್ಬ ಒಂದು ರೊಟ್ಟಿ ಎತ್ತಿದ. ಬೆರಳಿನಿಂದ ತಟ್ಟಿದ, ಟಣ್ ಅಂತು. ಮೇಜಿಗೆ ಕುಟ್ಟಿದ, ಮೇಜಿಗೇ ಪೆಟ್ಟಾಯಿತು. ಕಾಗದದ ಮೇಲೆ ‘ಮಾಡಿಗೆ ಹಾಕುವ ಹೆಂಚು, ಏಳು ಸಾವಿರ’ ಎಂದು ಬರೆದು ಮುದ್ರೆ ಒತ್ತಿದ. ಹೆಂಚಿಗೆ ತಿನಿಸಿನ ರೂಲ್ಸ್ ಎಲ್ಲಿಯದು! ದಾನಪ್ಪ ಹಿಗ್ಗಿ ಹೀರೇಕಾಯಿಯಾಗಿ, ವ್ಯಾನಿನಲ್ಲಿದ್ದದ್ದನ್ನೆಲ್ಲ ಗುಡಿಸಿ ಹಡಗಿಗೆ ಏರಿಸಿ ಮನೆಗೆ ಬಂದ.

“ಡಬ್ಬಿ?” ಅಂದಳು ಕಾಶವ್ವ.

“ಯಾವ ಡಬ್ಬಿ?”

“ನಮ್ಮವ್ವನ ಡಬ್ಬಿ.”

ದಾನಪ್ಪ ಕಿವಿಯಿಂದ ಕಾಮೆಂಟರಿ ಕಿತ್ತು ಕೈಯಲ್ಲಿ ಹಿಡಿದುಕೊಂಡ. “ಅದು... ಹಡಗಿನ್ಯಾಗ ಐತಿ ಕಾಶಿ.”

ಅಂದಿನಿಂದ ದಾನಪ್ಪನಿಗೆ ಮೂರು ಹೊತ್ತೂ ಓಟ್ಸ್ ಗಂಜಿ. ರೊಟ್ಟಿ ಬಡಿಯುವವಳ ಮನೆಯಲ್ಲಿ ರೊಟ್ಟಿಯ ಚೂರೂ ಅವನಿಗಿಲ್ಲ. ಕಾಶವ್ವನೋ, ಖಾಲಿ ಹಲಗೆ ನೋಡುವಳು, ಸೆರಗಿನಿಂದ ಅದನ್ನೇ ಒರೆಸುವಳು.

ಕೊನೆಗೆ ಸರೋಜಾಗೆ ಹೇಳಿದಳು, ಆ ದೇಶಕ್ಕೆ ಪತ್ರ ಬರಿ ಅಂತ.

“ಅಯ್ಯೋ ಆಂಟಿ, ನಾವ್ ಕೊಟ್ಟಿರೋದು ಏಡ್ ಆಂಟಿ, ನೆರವು! ದೇಶ ದೇಶಗಳ ವ್ಯವಹಾರ. ವಾಪಸ್ ಕೊಡಿ ಅಂತ ಕೇಳಕ್ಕಾಗತ್ತಾ?”

“ಏಡ್ ರೊಟ್ಟಿ. ಡಬ್ಬಿ ನಮ್ಮವ್ವಂದು. ಬರಿಯವ್ವಾ.”

ಸರೋಜಾ ಬರೆದಳು. ಉತ್ತರ ಬಂತು, ಡಬ್ಬಿ ಬರಲಿಲ್ಲ. ದ್ವೀಪದಲ್ಲಿ ದಿನಸಿ ಹಂಚುತ್ತಿದ್ದ ಲೂಲಾ ಎಂಬ ಅಜ್ಜಿ ಬರೆಸಿದ್ದಳು: ‘ನೀವು ಕಳಿಸಿದ ಹೆಂಚು ಶಾಲೆಯ ಮೇಲೆ ಹೊದಿಸಿದೆವು. ಚೆನ್ನಾಗಿ ಕೂತವು. ನಾಲ್ಕನೆಯ ದಿನ ಮಳೆ ಬಂತು. ಮಾಡು ಮೆತ್ತಗಾಗಿ, ಪಾಠ ಒಪ್ಪಿಸಲು ಬಾಯಿ ತೆರೆದ ಮಕ್ಕಳ ಬಾಯಿಗೇ ಬಿತ್ತು. ಒಬ್ಬಳು ನುಂಗಿ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಲೆಯ ಮಾಡನ್ನು ತಿಂದು ಮುಗಿಸಿದೆವು. ಉಳಿದ ಪೆಟ್ಟಿಗೆಗಳನ್ನು ಈಗ ಮನೆ ಮನೆಗೆ ಹಂಚುತ್ತಿದ್ದೇವೆ. ಡಬ್ಬಿಯ ವಿಷಯ ಈಗಲೇ ಕೇಳಬೇಡಿ, ಇನ್ನೂ ಸಿದ್ಧವಾಗಿಲ್ಲ.’

“ಡಬ್ಬಿ ಸಿದ್ಧ ಆಗೂದಂದ್ರ ಏನು?” ಅಂದಳು ಕಾಶವ್ವ. ಗಂಜಿ ಮುಂದುವರಿಯಿತು.

ಸಂಕ್ರಾಂತಿಯ ವಾರ ಸರೋಜಾಳ ಫೋನ್. “ಆಂಟಿ, ಹಡಗು ಬಂದಿದೆ! ಹ್ಯೂಸ್ಟನ್‌ಗೆ ಬನ್ನಿ, ಬೇಗ!”

ಮೂರೂ ಊರಿನವರು ಬಂದರಿಗೆ ಓಡಿದರು. ನೋಡಿದರೆ ಹಡಗಿನ ತುಂಬ ತೆಂಗಿನಕಾಯಿ. ಚಂಡಮಾರುತ ಉದುರಿಸಿದ ಅಷ್ಟೂ ಕಾಯಿ ಆರಿಸಿ ತುಂಬಿದ್ದರು. ಹಡಗು ನೀರಿಗೆ ಎಷ್ಟು ಇಳಿದಿತ್ತೆಂದರೆ ಮೀನುಗಳು ಕಟಕಟೆಯ ಮೇಲೆ ಗದ್ದವಿಟ್ಟು ನೋಡುತ್ತಿದ್ದವು. ಕಾಯಿಗಳ ನಡುವೆ ದಾರಿ ಮಾಡಿಕೊಂಡು ಕ್ಯಾಪ್ಟನ್ ಇಳಿದು ಬಂದ. ಕಂಕುಳಲ್ಲಿ ಕೂಸಿನ ಹಾಗೆ ಡಬ್ಬಿ. ಕಾಶವ್ವ ಕೈ ಚಾಚಿದಳು. ಅಷ್ಟರಲ್ಲಿ ರಾಶಿಯಿಂದ ಒಂದು ಕಾಯಿ ಉರುಳಿ ಠಣಾರನೆ ಮುಚ್ಚಳದ ಮೇಲೆ ಬಿತ್ತು. ತಗ್ಗಾಯಿತು. ಅವ್ವನ ಹೆಸರಿಗೆ ಕೂದಲೆಳೆಯಷ್ಟೂ ತಾಗಲಿಲ್ಲ.

ಕಾಶವ್ವ ಮುಚ್ಚಳ ತೆಗೆದಳು. ಒಳಗೆ ಕಂಠದವರೆಗೆ ಬೆಳ್ಳನೆಯ ಉಪ್ಪು.

“ಲೂಲಾ ಅಜ್ಜಿ ಹೇಳಿ ಕಳಿಸಿದ್ದಾರಂತೆ ಆಂಟಿ,” ಸರೋಜಾ ಕ್ಯಾಪ್ಟನ್ನಿನ ಮಾತನ್ನು ಕನ್ನಡಕ್ಕೆ ತಂದಳು, “ಅವ್ರ ಕಡೆ ಬಂದ ಪಾತ್ರೆನ ಖಾಲಿ ಕಳಿಸಲ್ವಂತೆ. ಏನೂ ಉಳಿದಿರ್ಲಿಲ್ಲ, ಸಮುದ್ರ ಒಂದಿತ್ತು. ಅದನ್ನೇ ಒಣಗಿಸಿ ಒಣಗಿಸಿ ತುಂಬಿದ್ರಂತೆ. ರೊಟ್ಟಿ ಬಂದಿದ್ದು ಹಡಗಲ್ಲಿ ತಾನೇ, ಹಡಗೂ ಪಾತ್ರೆನೇ, ಅದ್ಕೇ ಕಾಯಿ ಅಂತೆ.”

ಕಾಶವ್ವ ಒಂದು ಹರಳು ನಾಲಿಗೆಗೆ ಇಟ್ಟುಕೊಂಡಳು. ಕಣ್ಣಲ್ಲೂ ಅದೇ ರುಚಿಯ ನೀರು ಬಂತು. ನಗುನಗುತ್ತಲೇ ಅಂದಳು, “ನಮ್ಮವ್ವ ಅಲ್ಲೂ ಒಂದು ಓಣಿ ಮಾಡಿ ಬಂದಾಳ ನೋಡ್ರಿ!”

ದಾನಪ್ಪ ಮೆಲ್ಲಗೆ ಹತ್ತಿರ ಸರಿದ. “ಕಾಶಿ, ಇನ್ನಾದರೂ ರೊಟ್ಟಿ ಕೊಡ್ತೀಯಿಲ್ಲೊ?”

“ಕೊಡ್ತೀನ್ರಿ, ಬೆಣ್ಣಿ ಹಚ್ಚಿ ಕೊಡ್ತೀನಿ. ಆದರ ಮೊದಲ ಆ ಕಡೆ ನೋಡ್ರಿ.” ಕಾಯಿ ಇಳಿಸಿ ಬರಿದಾಗುತ್ತಿದ್ದ ಹಡಗಿನ ಕಡೆ ಬೆರಳು ತೋರಿಸಿದಳು. “ಪಾಪ, ಅದನ್ನ ಹಂಗ ಬರಿದ ಕಳಸೂದ?”

ಆಯಿತು. ಆಸ್ಟಿನ್ನಿನವರು ಮೈಸೂರುಪಾಕಿಗೆ ಕೂತರು, ಹ್ಯೂಸ್ಟನ್ನಿನವರು ಕೋಡುಬಳೆಗೆ, ಮೆಕಿನ್ನಿಯಲ್ಲಿ ಮತ್ತೆ ಆಲಿಕಲ್ಲು ಶುರುವಾಯಿತು. ಹಡಗು ತುಂಬಿ ಹೋಯಿತು, ತುಂಬಿಯೇ ಬಂತು. ಇಂದಿಗೂ ನಿಂತಿಲ್ಲ. ಯಾರು ಯಾರಿಗೆ ನೆರವು ಕೊಡುತ್ತಿದ್ದಾರೆಂದು ಈಗ ಎರಡು ದೇಶದ ಸರಕಾರಗಳಿಗೂ ಗೊತ್ತಿಲ್ಲ.

ಅಂದ ಹಾಗೆ, ಹೋದ ದೀಪಾವಳಿಗೆ ನಿಮ್ಮ ಮನೆಗೆ ನಮ್ಮ ಚಕ್ಕುಲಿ ಬಂದಿತ್ತಲ್ಲ, ನೀಲಿ ಮುಚ್ಚಳದ ಡಬ್ಬಿಯಲ್ಲಿ? ಚಕ್ಕುಲಿ ತಿಂದಿರಿ, ಸಂತೋಷ. ಅಷ್ಟು ದೂರದ ಲೊಮಾರುವಿನಿಂದ ಡಬ್ಬಿ ತಿರುಗಿ ಬಂತು. ನಿಮ್ಮ ಮನೆ ನಮ್ಮ ಬೀದಿಯಲ್ಲೇ ಇದೆ. ನಾಳೆ ತಂದುಕೊಡಿ. ಉಪ್ಪು ಬೇಡ, ನಮ್ಮಲ್ಲಿದೆ. ನಿಮ್ಮಾಕೆಯ ಹೋಳಿಗೆ ಚೆನ್ನಾಗಿರುತ್ತದಂತೆ.