ಬೆನ್ನ ಮೇಲಿನ ಕಿತ್ತಳೆ ಚೂರು

ನಾನೊಂದು ಸುಳ್ಳು ಹುಳು. ಟ್ರೌಟ್ ಮೀನು ನಿಜದ ಹುಳುವೆಂದು ನಂಬಿ ಬಾಯಿ ಹಾಕಲಿ ಅಂತ ಕೊಕ್ಕೆಯ ಮೇಲೆ ಕಟ್ಟಿದ ಫೋಮಿನ ಗೊಂಬೆ. ನೀರಿನ ಮೇಲೆ ತೇಲುವುದೇ ನನ್ನ ಕೆಲಸ. ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ; ಆದರೆ ಆಯಸ್ಸಿನ ಮುಕ್ಕಾಲು ಪಾಲು ಕೂತೇ ಕಳೆದಿದ್ದೇನೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹುಳುವಾಗುವ ಮೊದಲು ನಾನು ರಾಚಯ್ಯನ ಹವಾಯಿ ಚಪ್ಪಲಿಯ ಹಿಮ್ಮಡಿಯಾಗಿದ್ದೆ. ರಾಚಯ್ಯ ಹರೆಯದಲ್ಲೇ ಗುಂಡ್ಲುಪೇಟೆ ಕಡೆಯಿಂದ ನೀಲಗಿರಿ ಹತ್ತಿ ಬಂದವನು. ಗಾಳದ ಹುಚ್ಚು ಹತ್ತಿದವರನ್ನು ಹಳ್ಳಕ್ಕೆ ಕರೆದೊಯ್ದು, ಮೀನು ಯಾವ ಬಂಡೆಯ ಮರೆಯಲ್ಲಿದೆ ಎಂದು ತೋರಿಸುವುದರಲ್ಲೇ ನಲವತ್ತು ವರ್ಷ ಸವೆಸಿದ. ಮೀನು ಕಚ್ಚಿದ ತಕ್ಷಣ "ಎತ್ತಿ ಸಾರ್, ಎತ್ತಿ!" ಎಂದು ಕೂಗುತ್ತಿದ್ದ. ಅವನ ಕೂಗಿಗೆ ಹಳ್ಳದ ಹಕ್ಕಿಗಳೆಲ್ಲ ಹಾರುತ್ತಿದ್ದವು. ನಾನು ಮಾತ್ರ ಅವನ ಕಾಲಡಿ ಕೆಸರಿನಲ್ಲಿ ಒದ್ದಾಡುತ್ತಿದ್ದೆ.

ಒಂದು ಚಳಿಗಾಲ ಅವನ ಕಣ್ಣು ಮಂಜಾಯಿತು. ಗ್ಲಾಕೋಮಾ ಅಂದರು ಡಾಕ್ಟರು. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದು ಮಳೆಗಾಲದವರೆಗೆ ನಿಂತರೆ ಹೆಚ್ಚು ಅಂದರು. ರಾಚಯ್ಯ ಮನೆಗೆ ಬಂದವನೇ ಮಗಳು ಸಿದ್ದಾಜಮ್ಮನಿಗೆ ಒಂದೇ ಮಾತು ಹೇಳಿದ:

"ಹಳ್ಳ ತಿಳಿಯಾಗೋದೇ ತಡ, ಒಂದ್ಸಲ ಮೀನು ಮ್ಯಾಕ್ ಬಂದು ಹುಳ ನುಂಗೋದ ನೋಡ್ಬೇಕು ಕನವ್ವ. ಆಮೇಕೆ ಕತ್ಲಾದ್ರೂ ಆಗ್ಲಿ ಬುಡು."

ಅವಳೇ ಕಟ್ಟಿಕೊಡುತ್ತಿದ್ದ ಹಳೆಯ ಗರಿಯ ಹುಳುಗಳು ಸೊಳ್ಳೆಯಷ್ಟೇ ಇದ್ದವು. ನೀರಿಗೆ ಬಿದ್ದರೆ ಅವನ ಕಣ್ಣಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಸಿದ್ದಾಜಮ್ಮ ಚಪ್ಪಲಿಗೆ ಬ್ಲೇಡು ಹಾಕಿದಳು. ನನ್ನನ್ನು ಸಣ್ಣ ಪಟ್ಟಿಯಾಗಿ ಕೊಯ್ದು, ಕಂದು ಬಣ್ಣ ಬಳಿದು, ಕೊಕ್ಕೆಯ ಮೇಲೆ ಕಪ್ಪು ನೂಲಿನಿಂದ ಬಿಗಿದಳು. ಮನೆಯ ಹುಂಜದ ಗರಿ ಕತ್ತಿಗೆ ಬಂತು, ಹಳೇ ಲಂಗದ ಎಲಾಸ್ಟಿಕ್ಕಿನ ಎಳೆ ಕಾಲಾಯಿತು. ಹಿಡಿದ ಮೀನನ್ನು ಬದುಕಿಸಿ ಬಿಡುವುದು ಆ ಮನೆಯ ಪದ್ಧತಿ. ಹಾಗಾಗಿ ಮೀನಿನ ಬಾಯಿಂದ ಕೊಕ್ಕೆ ಸುಲಭವಾಗಿ ಬಿಡಲೆಂದು ಅದರ ಮರುಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿದಳು. ಕೊನೆಗೆ, ಅಪ್ಪನಿಗೆ ದೂರದಿಂದ ಕಾಣಲೆಂದು, ಕಿತ್ತಳೆ ಬಣ್ಣದ ಫೋಮಿನ ಚೂರೊಂದನ್ನು ಕಟ್ಟಿದಳು. ಕಟ್ಟಿದ್ದು ಎಲ್ಲಿಗೆ? ನನ್ನ ಹೊಟ್ಟೆಗೆ! ಕೂಗಿ ಹೇಳೋಣವೆಂದರೆ ನನಗೆ ಬಾಯಿಯನ್ನೇ ಕಟ್ಟಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಹಳ್ಳಕ್ಕೆ ಹೋದೆವು. ಕೊನೆಗೂ ನೀರು! ಖುಷಿಯಿಂದ ಕುಣಿದು ತೇಲಿದೆ.

"ಎಲ್ಲದವ್ವ? ಏನೂ ಕಾಣ್ದು," ಅಂದ ರಾಚಯ್ಯ.

ಕಂದು ಬೆನ್ನು ಮೇಲಿದ್ದರೆ ಕಾಣುವುದಾದರೂ ಏನು? ಅಷ್ಟರಲ್ಲಿ ಒಂದು ಮೀನು ಕೆಳಗಿನಿಂದ ಬಂದು, ನನ್ನ ಕಿತ್ತಳೆ ಹೊಟ್ಟೆ ನೋಡಿ ಬೆಚ್ಚಿ, ಬಾಲ ಬಡಿದು ಓಡಿತು.

"ಬಂತಾ?"

"ಇಲ್ಲ ಕನಪ್ಪ."

"ಸುಳ್ ಹೇಳ್ಬ್ಯಾಡ. ಸದ್ದಾಯ್ತು."

ಅವನು ದಾರ ಎಳೆದುಕೊಂಡು ನನ್ನನ್ನು ಮೂಗಿನ ಹತ್ತಿರ ಹಿಡಿದ. ಬೆರಳಲ್ಲಿ ತಿರುಗಿಸಿ ನೋಡಿ ನಕ್ಕುಬಿಟ್ಟ. ಸಿದ್ದಾಜಮ್ಮನ ಮುಖ ಸಣ್ಣದಾಯಿತು. ಅವಳು ಇಷ್ಟು ದಿನ ಕಟ್ಟಿದ್ದೆಲ್ಲ ನೀರಿನೊಳಗೆ ಮುಳುಗುವ ಹುಳುಗಳು. ಮೀನಿಗೆ ಕಾಣುವಂತೆ ಅವಕ್ಕೆ ಮಿನುಗುವ ಎಳೆ ಹೊಟ್ಟೆಗೇ ಇರಬೇಕು.

"ಇಷ್ಟ್ ವರ್ಸ ಮೀನ್ ಕಣ್ಗೇ ಕಟ್ಟಿದ್ನಲ್ಲಪ್ಪ, ನಿನ್ ಕಣ್ಗೆ ಕಟ್ನಿಲ್ಲ," ಅಂದಳು.

ಮನೆಗೆ ಬಂದು ನನ್ನನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈಗ ಕಿತ್ತಳೆ ಬೆನ್ನಿಗೇರಿತು. ಇನ್ನೇನು ಹೊರಟೆವು ಅನ್ನುವಾಗ ಮಳೆ ಹಿಡಿದು ಹಳ್ಳ ಕದಡಿತು. ಹದಿನೆಂಟು ದಿನ ಡಬ್ಬಿಯೊಳಗೆ ಚಡಪಡಿಸಿದೆ. ಹೊರಗೆ ರಾಚಯ್ಯನೂ ಚಡಪಡಿಸುತ್ತಿದ್ದ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಎದುರಿನ ಗುಡ್ಡ ಕಾಣುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದ. ಮೊದಲು ಗುಡ್ಡದ ಮರಗಳು ಹೋದವು, ಆಮೇಲೆ ಗುಡ್ಡವೇ ಹೋಯಿತು.

ಏಪ್ರಿಲ್ ಕೊನೆಯಲ್ಲಿ ನೀರು ತಿಳಿಯಾಯಿತು. ಸಿದ್ದಾಜಮ್ಮ ಅಪ್ಪನ ಭುಜ ಹಿಡಿದು ಬಂಡೆಯ ಮೇಲೆ ನಿಲ್ಲಿಸಿದಳು. ನಾನು ನೀರಿಗೆ ಬಿದ್ದೆ.

"ಕಾಣ್ತು ಕನವ್ವ! ಅಕ್ಕೋ, ಬತ್ತಾ ಅದ, ಬತ್ತಾ ಅದ!"

ಕೆಳಗಿನಿಂದ ನೆರಳೊಂದು ಎದ್ದಿತು. ನಾನು ಬದುಕೆಲ್ಲ ಕಾದಿದ್ದ ಗಳಿಗೆ ಅದು. ಮೀನು ಬಾಯಿ ತೆರೆದು ನನ್ನನ್ನು ಮೆಲ್ಲಗೆ ಒಳಗೆ ಎಳೆದುಕೊಂಡಿತು.

"ಎತ್ತಪ್ಪಾ! ಎತ್ತು!" ಸಿದ್ದಾಜಮ್ಮ ಕಿರುಚಿದಳು.

ಅವನು ಗಾಳದ ಕೋಲು ಎತ್ತಲಿಲ್ಲ. ಮೀನು ನನ್ನನ್ನು ಚಪ್ಪರಿಸಿ, ರುಚಿ ಸಾಲದೆ ಉಗಿದು ಹೋಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಲವತ್ತು ವರ್ಷ ಊರವರಿಗೆಲ್ಲ ಎತ್ತಿ ಎತ್ತಿ ಎಂದವನಿಗೆ ಈಗ ಕೈಯೇ ಬರಲಿಲ್ಲವೇ?

"ಎತ್ತಿದ್ರೆ ಕಣ್ಣು ಕೋಲ್ ಮೇಲ್ ಹೋಗ್ಬುಡ್ತಿತ್ತು ಕನವ್ವ," ಅಂದ ಅವನು. ಕೆನ್ನೆ ಒದ್ದೆಯಾಗಿತ್ತು. "ಬಾಯ್ ತಗದು, ಮುಚ್ಚಿ, ಕೆಳಕ್ ಹೋಗೋಗಂಟ ನೋಡ್ಬುಟ್ಟೆ. ಸಾಕು."

ಈಗ ನಾನು ಅವನ ಉಣ್ಣೆ ಟೋಪಿಗೆ ಚುಚ್ಚಿಕೊಂಡಿದ್ದೇನೆ. ಅವನಿಗೆ ಬೆಳಕು ಪೂರ್ತಿ ಹೋಗಿದೆ. ಬೆಳಗಾದರೆ ಬಾಗಿಲ ಬಿಸಿಲಲ್ಲಿ ಕೂರುತ್ತಾನೆ. ಎರಡು ಬೇಸಿಗೆಯ ಬಿಸಿಲಿಗೆ ನನ್ನ ಬಣ್ಣವೂ ಹೋಗಿ, ಬೆನ್ನು ಸುಣ್ಣದ ಹಾಗೆ ಬಿಳಿಚಿದೆ. ಹಳ್ಳದ ಸದ್ದು ಇಲ್ಲಿಗೂ ಕೇಳುತ್ತದೆ. ಕೇಳಿದಾಗಲೆಲ್ಲ ಹೋಗೋಣ ಹೋಗೋಣ ಅನ್ನಿಸುತ್ತದೆ. ಮೀನು ಹಿಡಿಯದ ಗಾಳವಾಗಿ ಉಳಿದ ಸಂಕಟ ನನಗಿನ್ನೂ ಆರಿಲ್ಲ.

ನಿನ್ನೆ ಅವನು ಹೆಬ್ಬೆರಳಿಂದ ನನ್ನ ಬೆನ್ನು ಸವರುತ್ತಾ ಕೇಳಿದ: "ಕಿತ್ಲೆ ಹಂಗೇ ಅದಾ ಸಿದ್ದಾಜಿ?"

ಸಿದ್ದಾಜಮ್ಮ ನನ್ನನ್ನೇ ನೋಡಿದಳು. "ಹಂಗೇ ಅದ ಕನಪ್ಪ. ಧಗಧಗ ಅಂತದ."

ಈ ಸುಳ್ಳನ್ನು ಅವನು ಹಿಡಿಯಲಿಲ್ಲ. ನಾನೂ ಚಡಪಡಿಸದೆ ಅವನ ಬೆರಳ ಕೆಳಗೆ ಸುಮ್ಮನೆ ಕೂತೆ.