ವಸಿಷ್ಠನ ಪಕ್ಕದ ಚುಕ್ಕಿ

ಸಂಜೆಯ ಆಕಾಶದತ್ತ ಎತ್ತಿದ ಒಂದು ಬೆರಳು. ನನ್ನ ಅತ್ತೆ ಜಾನಕಮ್ಮನವರನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಅದೇ. ದೇವರಿಗೆ ದೀಪ ಹಚ್ಚಿದ ಮೇಲೆ ಅವರು ತಾರಸಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಸಪ್ತರ್ಷಿಗಳ ಬಾಲದಲ್ಲಿ ವಸಿಷ್ಠ, ಅವನಿಗೆ ಅಂಟಿಕೊಂಡಂತೆ ಮಿಣುಕುವ ಅರುಂಧತಿ. "ಉಳಿದ ಆರು ಋಷಿಗಳ ಹೆಂಡತಿಯರು ಕೃತ್ತಿಕೆಯರಾಗಿ ದೂರ ಹೋಗಿಬಿಟ್ರು. ಗಂಡನ ಪಕ್ಕ ಉಳಿದೋಳು ಇವಳೊಬ್ಬಳೇ," ಎನ್ನುತ್ತಿದ್ದರು. ಆ ಆರು ಮಂದಿಗೆ ಏನು ಕಷ್ಟವಿತ್ತೋ ಎಂದು ನಾನು ಕೇಳಿದರೆ ದುರುಗುಟ್ಟಿ ನೋಡುತ್ತಿದ್ದರು.

ಒಂದು ವೈಶಾಖದಲ್ಲಿ ಆ ಬೆರಳು ತಡಕಾಡತೊಡಗಿತು. ವಸಿಷ್ಠ ಸಿಕ್ಕ, ಅರುಂಧತಿ ಸಿಗಲಿಲ್ಲ. ಅರುಂಧತಿ ಕಾಣದವರಿಗೆ ಇನ್ನು ಆರೇ ತಿಂಗಳ ಆಯುಸ್ಸು ಎಂಬುದು ಅವರ ಗಟ್ಟಿ ನಂಬಿಕೆ. ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅತ್ತೆ ಪೆಟ್ಟಿಗೆಯ ಸೀರೆಗಳನ್ನು ತೆಗೆದು, ಮಡಿಸಿಟ್ಟು, ಮತ್ತೆ ತೆಗೆಯುತ್ತಿದ್ದರು. ಊಟಕ್ಕೆ ಕೂತವರು ಅರ್ಧಕ್ಕೇ ಏಳುತ್ತಿದ್ದರು. "ಕಣ್ಣಿಗೆ ಪೊರೆ ಬಂದಿರಬೇಕಮ್ಮ, ಡಾಕ್ಟರ ಹತ್ರ ಹೋಗೋಣ," ಎಂದು ನನ್ನ ಗಂಡ ಶ್ರೀಕಂಠ ಗೋಗರೆದರೆ, "ಹೋಗೋ ಜೀವಕ್ಕೆ ಕನ್ನಡಕ ಯಾಕೋ?" ಎಂದು ಬಾಯಿ ಮುಚ್ಚಿಸಿದರು. ನನಗೂ ಒಳಗೊಳಗೇ ಪುಕಪುಕ. ನಂಬಿಕೆ ಸುಳ್ಳೇ ಇರಬಹುದು, ಆದರೆ ಹೆದರಿ ಅನ್ನ ನಿದ್ದೆ ಬಿಟ್ಟ ಮನುಷ್ಯರು ಎಷ್ಟು ದಿನ ಉಳಿದಾರು?

ಒಂದು ಸಂಜೆ ಅವರು ನನ್ನ ಕೈ ಹಿಡಿದು ತಾರಸಿಗೆ ಎಳೆದೊಯ್ದರು. "ನಿಂಗೆ ಕಾಣ್ತಾಳೇನೇ?"

ಹೂಂ ಎನ್ನೋಣವೆಂದು ತಲೆಯೆತ್ತಿದೆ. ವಸಿಷ್ಠನೇ ಮಸುಕಾಗಿದ್ದ. "ಇಲ್ಲ ಅತ್ತೆ. ನಂಗೆ ಯಾವತ್ತೂ ಕಂಡಿಲ್ಲ."

"ಮದುವೇಲಿ ಕಂಡ್ತು ಅಂದ್ಯಲ್ಲೇ!"

"ಮಟಮಟ ಮಧ್ಯಾಹ್ನ ಚಪ್ಪರದಾಚೆ ನಿಲ್ಲಿಸಿ ಕಾಣ್ತಾ ಅಂದ್ರು ಪುರೋಹಿತರು. ಎಲ್ಲರ ಹಾಗೆ ನಾನೂ ಹೂಂ ಅಂದೆ. ಮದುವೆಯಾಗಿ ವರ್ಷಗಳಾದ್ವು, ನಾನು ಸತ್ತಿದೀನಾ ಹೇಳಿ?"

"ಬಿಡ್ತು ಅನ್ನು!" ಎಂದು ಚೀರಿದರು. ನಕ್ಕು ಹಗುರಾಗುತ್ತಾರೆ ಎಂದು ನಾನು ಎಣಿಸಿದ್ದೆ. ಅವರ ಮುಖ ಬಿಳಿಚಿಕೊಂಡಿತ್ತು.

ಮರುದಿನ ನಾನು ಏಳುವ ಮೊದಲೇ ಅವರು ಸೀರೆ ಉಟ್ಟು ಸಿದ್ಧರಾಗಿದ್ದರು. "ಏಳೇ, ಕಣ್ಣಿನ ಡಾಕ್ಟರ ಹತ್ರ ಹೋಗೋಣ." ಅಲ್ಲಿ ಡಾಕ್ಟರು ನನಗೆ ದೂರದ್ದು ಕಾಣುತ್ತಿಲ್ಲವೆಂದು ಹೇಳಿ, ಪಕ್ಕದಲ್ಲಿದ್ದ ಅತ್ತೆಯ ಕಣ್ಣಿಗೂ ದೀಪ ಹಿಡಿದರು. ಪೊರೆ ಬಲಿತಿದೆ, ಆಪರೇಷನ್ ಆಗಬೇಕು ಎಂದರು.

"ಅದೆಲ್ಲ ಆಮೇಲೆ ನೋಡೋಣ. ಮೊದಲು ಇವಳಿಗೆ ಕನ್ನಡಕ ಬರ್ಕೊಡಿ," ಎಂದರು ಅತ್ತೆ. ಅದು ಕೈಗೆ ಬರುವವರೆಗೂ ನನ್ನನ್ನು ಒಬ್ಬಳೇ ಬಾವಿಕಟ್ಟೆಯ ಹತ್ತಿರ ಹೋಗಲು ಬಿಡಲಿಲ್ಲ.

ಕನ್ನಡಕ ಬಂದ ದಿನ ಮೋಡ ಕವಿದಿತ್ತು. ಅತ್ತೆ ಒಳಗೂ ಹೊರಗೂ ತಿರುಗಿ ತಿರುಗಿ ಸುಸ್ತಾದರು. ಮರುಸಂಜೆ ಆಕಾಶ ತಿಳಿಯಾಯಿತು. ನಾನು ನೋಡಿದೆ. ವಸಿಷ್ಠನ ಪಕ್ಕದಲ್ಲಿ ಅಕ್ಕಿನುಚ್ಚಿನಷ್ಟು ಬೆಳಕು. ನನ್ನ ಕಣ್ಣು ತುಂಬಿ ಬಂತು.

"ಇದಾಳೆ ಅತ್ತೆ! ಪಕ್ಕದಲ್ಲೇ ಇದಾಳೆ!"

ಅವರು ಆಕಾಶದ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಕೈಚಾಚಿ ನನ್ನ ಕನ್ನಡಕ ತೆಗೆದರು. ಸೆರಗಿನಿಂದ ಗಾಜು ಒರೆಸಿ ಮತ್ತೆ ನನ್ನ ಮೂಗಿನ ಮೇಲಿಟ್ಟರು.

"ಇನ್ನೊಂದ್ಸಲ ನೋಡು," ಎಂದರು. "ಸರಿಯಾಗಿ ನೋಡಿ ಹೇಳು."